ಮೇಜಿನ ಮೇಲೆ ಬಿದ್ದ ಎರಡು ಪೆಟ್ಟು

ಬ್ಲ್ಯಾಕ್‌ಜಾಕ್ ಎಂದರೆ ಮೊತ್ತ 21 ದಾಟದಂತೆ ಡೀಲರನ್ನು, ಅಂದರೆ ಎಲೆ ಹಂಚುವವನನ್ನು, ಮೀರಿಸುವ ಇಸ್ಪೀಟು ಜೂಜು. ಅದರ ಮೇಜಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಎಲೆ ಬೇಕಾದವರು ಬೆರಳಿನಿಂದ ಮೇಜನ್ನು ತಟ್ಟಬೇಕು, ಬೇಡದವರು ಎಲೆಗಳ ಮೇಲೆ ಅಂಗೈ ಬೀಸಬೇಕು. ಚಾವಣಿಯ ಕ್ಯಾಮೆರಾಗಳಿಗೆ ಕಣ್ಣಿದೆ, ಕಿವಿಯಿಲ್ಲ. ಡೀಲರ್ ತರಬೇತಿಯ ಮೊದಲ ವಾರದಲ್ಲಿ ಕಲಿತ ಈ ನಿಯಮವನ್ನು ಎಂಟು ವರ್ಷ ಚಾಚೂ ತಪ್ಪದೆ ಪಾಲಿಸಿದ್ದೆ. ಮುರಿದದ್ದು ನಮ್ಮ ಭಾಷೆಯವರೊಬ್ಬರಿಗಾಗಿ. ಬೆಲೆ ತೆತ್ತವರೂ ಅವರೇ. ಇದು ಕಳೆದ ಕಾಂಟ್ರಾಕ್ಟಿನ ಮಾತು. ಇಂದಿಗೂ ಷೂ, ಅಂದರೆ ಎಲೆ ತುಂಬಿದ ಪೆಟ್ಟಿಗೆಯ ಮುಂದೆ ನಿಂತಾಗ ನೆನಪಾಗುತ್ತದೆ.

ನಮ್ಮ ಹಡಗು ಫ್ಲಾರಿಡಾದಿಂದ ಹೊರಟು ಏಳು ರಾತ್ರಿಗಳಲ್ಲಿ ಕೆರಿಬಿಯನ್ ಸುತ್ತಿ ಬರುವಂಥದ್ದು. ಬಂದರಿನಲ್ಲಿ ನಿಂತಿರುವಷ್ಟು ಹೊತ್ತು ಕ್ಯಾಸಿನೊ ಮುಚ್ಚಿರುತ್ತದೆ. ಸಮುದ್ರದ ಮೇಲೆ ಒಂದು ದೇಶದ ಎಲ್ಲೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಚಾಚಿರುತ್ತದೆ. ದಡ ಬಿಟ್ಟು ಸಾಕಷ್ಟು ದೂರ ಬಂದ ಮೇಲೆ ಹಡಗು ನಡೆಸುವವರ ಕೋಣೆಯಾದ ಬ್ರಿಜ್‌ನಿಂದ ಕರೆ ಬರಬೇಕು, ಆಮೇಲೆ ನಾವು ಮೇಜಿನ ಮುಚ್ಚಳ ತೆಗೆಯಬೇಕು. ಹಾಗಾಗಿ ಎಲ್ಲೂ ದಡ ಮುಟ್ಟದ ಸೀ ಡೇ ಬಂತೆಂದರೆ ಬೆಳಗಿನಿಂದ ನಡುರಾತ್ರಿಯ ತನಕ ಬಿಡುವಿಲ್ಲ. ಮೇಜಿನಲ್ಲಿ ಒಂದು ಗಂಟೆ, ಬ್ರೇಕ್ ಇಪ್ಪತ್ತು ನಿಮಿಷ, ಮತ್ತೆ ಮೇಜು.

ಕರ್ನಾಟಕದವನು ಈ ಕೆಲಸಕ್ಕೆ ಹೇಗೆ ಬಂದೆ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ 1963ರ ಪೊಲೀಸ್ ಕಾಯ್ದೆಯ ಪ್ರಕಾರ ಜೂಜುಕಟ್ಟೆ ನಡೆಸುವುದು ಅಪರಾಧ. ಪಕ್ಕದ ಗೋವಾದಲ್ಲಿ ಮಾಂಡೋವಿ ನದಿಯಲ್ಲಿ ಲಂಗರು ಹಾಕಿದ ಹಡಗುಗಳಲ್ಲಿ ಅದೇ ಆಟಕ್ಕೆ ಪರವಾನಗಿ ಉಂಟು. ಪಣಜಿಯಲ್ಲಿ ಮೂರು ವರ್ಷ ಎಲೆ ಹಂಚಿದೆ, ನಾವಿಕರ ದಾಖಲೆ ಪುಸ್ತಕವಾದ ಸಿಡಿಸಿ ಮಾಡಿಸಿದೆ, ಹಡಗು ಹತ್ತಿದೆ. ಇದನ್ನು ನಾನು ಮರ್ಯಾದೆಯ ಕಸುಬು ಎಂದೇ ಭಾವಿಸಿದ್ದೇನೆ. ಆರು ಕಟ್ಟು, 312 ಎಲೆ, ಏಳು ಜನ ಆಟಗಾರರು, ಪ್ರತಿಯೊಬ್ಬರ ಪಣ, ಪ್ರತಿಯೊಬ್ಬರ ಮೊತ್ತ, ಎಲ್ಲವೂ ಒಂದೇ ತಲೆಯಲ್ಲಿ ತಪ್ಪಿಲ್ಲದೆ ಓಡಬೇಕು.

ಅವರು ಬಂದದ್ದು ಮೊದಲ ರಾತ್ರಿ. ಎಪ್ಪತ್ತು ದಾಟಿದ ಹಿರಿಯರು, ಜೊತೆಗೆ ಹೆಂಡತಿ. ಎಸಿಯ ಚಳಿಗೆ ಅಮ್ಮ ಸೀರೆಯ ಮೇಲೆ ಶಾಲು ಹೊದ್ದಿದ್ದರು. ನನ್ನ ಬ್ಯಾಡ್ಜಿನ ಮೇಲಿನ ಹೆಸರನ್ನೂ ಅದರ ಕೆಳಗಿನ ‘ಇಂಡಿಯಾ’ವನ್ನೂ ಓದಿ ಹಿರಿಯರು, “ಯಾವೂರಪ್ಪಾ ನಿನ್ನದು?” ಎಂದು ನೇರವಾಗಿ ಕನ್ನಡದಲ್ಲೇ ಕೇಳಿದರು.

“ಪುತ್ತೂರು ಕಡೆ, ಸರ್.”

“ನಾವು ಮೈಸೂರು. ಮಗ ಟೆಕ್ಸಾಸ್‌ನಲ್ಲಿದ್ದಾನೆ, ಅವನೇ ಕರೆದುಕೊಂಡು ಬಂದ. ನಮ್ಮೂರಿನಲ್ಲಿ ಯುಗಾದಿ ಮಾರನೆಯ ದಿನ ಹೊಸತೊಡಕಿಗೆ ಇಸ್ಪೀಟು ಆಡುತ್ತಿದ್ದೆವು. ಅದು ಬಿಟ್ಟರೆ ಇದೇ ಮೊದಲು.”

ಅಮ್ಮ ನನ್ನ ಮುಖ ನೋಡಿ, “ಊಟ ಆಯಿತೇನಪ್ಪಾ?” ಎಂದರು. ನಾಲ್ಕು ತಿಂಗಳಿನಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮೇಜಿನ ಬಳಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು ಎಂಬ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ, “ಆಯಿತಮ್ಮಾ” ಎಂದೆ.

ಹಿರಿಯರು ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಎರಡನೆಯ ರಾತ್ರಿ ಅವರಿಗೆ ಎಕ್ಕ ಮತ್ತು ರಾಣಿ ಬಂತು, ಎರಡೇ ಎಲೆಯಲ್ಲಿ 21 ಆಗುವ ಬ್ಲ್ಯಾಕ್‌ಜಾಕ್. ಹತ್ತು ಡಾಲರ್ ಪಣಕ್ಕೆ ನಾನು ಹನ್ನೆರಡು ಕೊಟ್ಟೆ. ಮಗ ಹದಿನೈದು ಎಂದು ಹೇಳಿದ್ದನಲ್ಲ ಎಂದು ಅವರು ಕೇಳಿದರು. ಮೇಜಿನ ಬಟ್ಟೆಯ ಮೇಲೆ ‘6 ಟು 5’, ಅಂದರೆ ಐದಕ್ಕೆ ಆರು, ಎಂದು ಬರೆದಿರುವುದನ್ನು ತೋರಿಸಿದೆ. ಅಕ್ಷರಗಳು ಚಿಪ್ಸ್ ಇಡುವ ಜಾಗದ ಪಕ್ಕದಲ್ಲೇ ಇವೆ, ಆದರೆ ಮೇಜಿನಲ್ಲಿ ಜನ ತುಂಬಿದರೆ ಯಾರಿಗೂ ಕಾಣುವುದಿಲ್ಲ. ಮೇಷ್ಟ್ರು ಕಾಗದದ ಕರವಸ್ತ್ರ ತೆಗೆದುಕೊಂಡು ಲೆಕ್ಕ ಹಾಕಿದರು. ಸುಮಾರು 21 ಆಟಕ್ಕೊಮ್ಮೆ ಬ್ಲ್ಯಾಕ್‌ಜಾಕ್ ಬರುತ್ತದೆ. ಅಷ್ಟರಲ್ಲಿ ಕಟ್ಟಿದ ಪಣ 210 ಡಾಲರ್, ಕಡಿಮೆ ಸಿಕ್ಕಿದ್ದು ಮೂರು. ನೂರಕ್ಕೆ ಹೆಚ್ಚುಕಡಿಮೆ ಒಂದೂವರೆ. ಚೆನ್ನಾಗಿ ಆಡುವವನ ಮೇಲೆ ಕ್ಯಾಸಿನೊಗೆ ಸಿಗುವ ಲಾಭ ನೂರಕ್ಕೆ ಅರ್ಧ ಇದ್ದದ್ದು, ಈ ಒಂದು ಬದಲಾವಣೆಯಿಂದ ಎರಡರ ಹತ್ತಿರ ಹೋಗುತ್ತದೆ. ಅವರ ಲೆಕ್ಕ ಸರಿಯಾಗಿತ್ತು. ಈ ನಿಯಮದ ಬಗ್ಗೆ ನನಗೆ ಅಂದೂ ಅಸಮಾಧಾನವಿತ್ತು, ಇಂದೂ ಇದೆ. ರಜೆಗೆ ಬಂದವರಿಗೆ ಗೊತ್ತಾಗದಂತೆ ಕೀಳುವ ದುಡ್ಡು ಅದು.

ಆ ಅಸಮಾಧಾನವೇ ನನ್ನನ್ನು ಮುಂದಿನ ತಪ್ಪಿಗೆ ತಳ್ಳಿತೆಂದು ಈಗ ಅನ್ನಿಸುತ್ತದೆ. ನನ್ನ ಮುಂದೆ ಎಕ್ಕ ಬಿದ್ದಾಗ ಇನ್ಶೂರೆನ್ಸ್, ಅಂದರೆ ನನ್ನ ಮುಚ್ಚಿದ ಎಲೆ ಹತ್ತರ ಬೆಲೆಯದು ಎಂಬ ಪಕ್ಕದ ಪಣ, ಬೇಕೇ ಎಂದು ಎಲ್ಲರನ್ನೂ ಕೇಳಬೇಕು. ಕೇಳಿದೆ. ಮೇಷ್ಟ್ರು ಚಿಪ್ ಹಿಡಿದು ನನ್ನ ಮುಖ ನೋಡಿದರು. “ಬೇಡ ಸರ್,” ಎಂದೆ ಕನ್ನಡದಲ್ಲಿ. ಸಲಹೆ ಸುಳ್ಳಲ್ಲ. ಒಂದು ಎಕ್ಕ ಕಂಡಾಗ ಉಳಿದ 311 ಎಲೆಗಳಲ್ಲಿ ಹತ್ತರ ಬೆಲೆಯವು 96, ಅಲ್ಲದವು 215. ಒಂದಕ್ಕೆ ಎರಡು ಕೊಟ್ಟರೆ 96ಕ್ಕೆ ಸಿಗುವುದು 192, ಕಳೆಯುವುದು 215. ಸರಾಸರಿ ಲೆಕ್ಕದಲ್ಲಿ ಲಾಭವಿಲ್ಲದ ಪಣ. ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದರೆ ಅದು ಮಾಹಿತಿಯಾಗುತ್ತಿತ್ತು. ಒಬ್ಬರಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ ಹೇಳಿದ್ದರಿಂದ ಪಿಸುಮಾತಾಯಿತು.

ಮೇಷ್ಟ್ರಿಗೆ ಇನ್ನೊಂದು ಅಭ್ಯಾಸವಿತ್ತು. ಯೋಚಿಸುವಾಗ ಏನನ್ನೋ ಗುನುಗುತ್ತಾ ಬಲಗೈಯಲ್ಲಿ ಆದಿತಾಳ ಹಾಕುತ್ತಿದ್ದರು. ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಕ್ಯಾಮೆರಾದ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಎಂಬುದನ್ನು ನಾನು ಅಂದೇ ಯೋಚಿಸಬೇಕಿತ್ತು. ಪೆಟ್ಟು ಎಂದರೆ ಎಲೆ ಕೊಡು. ಕೈ ಮಗುಚಿ ಬೀಸಿದ ಹುಸಿ ಎಂದರೆ ಸಾಕು. ಎಂಟು ಅಕ್ಷರದ ಒಂದು ಆವರ್ತದಲ್ಲಿ ಅವರು ಮೂರು ಸಲ ಎಲೆ ಕೇಳಿ ಎರಡು ಸಲ ಬೇಡ ಎಂದಂತಾಗುತ್ತಿತ್ತು. ನನಗೆ ತಾಳ ಗೊತ್ತು, ಅಕ್ಕ ಸಂಗೀತ ಕಲಿಯುವಾಗ ಮನೆಯಲ್ಲಿ ದಿನವೂ ಕೇಳಿದ್ದೆ. ಹಾಗಾಗಿ ಕೈಯನ್ನು ನೋಡದೆ ಬಾಯಿಮಾತನ್ನೇ ಕೇಳತೊಡಗಿದೆ. “ಹಾಕಪ್ಪಾ” ಎಂದರೆ ಎಲೆ, “ಸಾಕಪ್ಪಾ” ಎಂದರೆ ಮುಂದಕ್ಕೆ. ಹಿರಿಯರಿಗೆ ಪದೇ ಪದೇ ‘ಸಿಗ್ನಲ್ ಪ್ಲೀಸ್’ ಎನ್ನುವುದು ಒರಟುತನವೆನ್ನಿಸಿತು. ಗೌರವ ಎಂದುಕೊಂಡದ್ದು ಗೌರವವಾಗಿರಲಿಲ್ಲ. ಅವರಿಗೆ ಮೊದಲ ದಿನವೇ ಕೈಸನ್ನೆ ಕಲಿಸುವುದು ನನ್ನ ಕೆಲಸವಾಗಿತ್ತು, ಅದನ್ನು ನಾನು ಮಾಡಲಿಲ್ಲ.

ನಾಲ್ಕನೆಯ ದಿನ ಸೀ ಡೇ, ಸಂಜೆ. ಮೇಷ್ಟ್ರು ಥರ್ಡ್ ಬೇಸ್‌ನಲ್ಲಿ, ಅಂದರೆ ಕೊನೆಯ ಕುರ್ಚಿಯಲ್ಲಿ. ನಡುವೆ ಒಬ್ಬ ಹೆಂಗಸು, 25ರ ಒಂದು ಹಸಿರು ಚಿಪ್. ಫಸ್ಟ್ ಬೇಸ್‌ನಲ್ಲಿ ಮಧ್ಯಾಹ್ನದಿಂದ ಸೋಲುತ್ತಿದ್ದ ಗಡ್ಡದ ಮನುಷ್ಯ, ಐದು ಕಪ್ಪು ಚಿಪ್, ಐನೂರು ಡಾಲರ್. ಅವನಿಗೆ ಎರಡು ರಾಜ, ಇಪ್ಪತ್ತು. ಹೆಂಗಸಿಗೆ ಹದಿನೆಂಟು. ಮೇಷ್ಟ್ರಿಗೆ ಹತ್ತು ಮತ್ತು ಎರಡು, ಹನ್ನೆರಡು. ನನ್ನ ಮುಂದೆ ಆರು. ಡೀಲರ್ ಎದುರು ಆರು ಇದ್ದಾಗ ಹನ್ನೆರಡಕ್ಕೆ ನಿಲ್ಲಬೇಕು ಎಂದು ಎಲ್ಲ ಲೆಕ್ಕವೂ ಹೇಳುತ್ತದೆ. ಮೇಷ್ಟ್ರು ಗುನುಗುತ್ತಿದ್ದರು. “ಸಾಕಪ್ಪಾ” ಎಂದರು. ಅದೇ ಕ್ಷಣದಲ್ಲಿ ಅವರ ಬೆರಳುಗಳು ಮೇಜಿನ ಮೇಲೆ ಎರಡು ಸಲ ಬಿದ್ದವು. ನಾನು ನೋಡಿದೆ. ನೋಡಿಯೂ ನನ್ನ ಎಲೆ ತಿರುಗಿಸಿದೆ.

ನನ್ನ ಮುಚ್ಚಿದ ಎಲೆ, ಅಂದರೆ ಹೋಲ್ ಕಾರ್ಡ್, ಹತ್ತು. ಒಟ್ಟು ಹದಿನಾರು, ಎಳೆಯಲೇಬೇಕು. ಬಂದದ್ದು ಐದು. ಇಪ್ಪತ್ತೊಂದು.

ಬಲಗಡೆಯಿಂದ ಎಲೆ ಎತ್ತುವುದು ಪದ್ಧತಿ. ಮೇಷ್ಟ್ರ ಹತ್ತು ಡಾಲರ್ ಟ್ರೇಗೆ ಬಂತು, ಹೆಂಗಸಿನ ಹಸಿರು ಚಿಪ್ ಬಂತು. ಮೂರನೆಯ ಕಡೆಗೆ ಕೈ ಚಾಚುವಷ್ಟರಲ್ಲಿ ಗಡ್ಡದವನು ಎರಡೂ ಕೈಗಳನ್ನು ಚಿಪ್‌ಗಳ ಮೇಲೆ ಹಾಕಿದ. “ಆ ಮುದುಕ ತಟ್ಟಿದ. ಐದು ಅವನ ಎಲೆ. ನೀನು ಅವನಿಗೆ ಕೊಡಲಿಲ್ಲ.”

ಅವನ ಮಾತಿನಲ್ಲಿ ಅರ್ಥವಿತ್ತು. ಐದು ಮೇಷ್ಟ್ರಿಗೆ ಹೋಗಿದ್ದರೆ ಅವರಿಗೆ ಹದಿನೇಳು. ನನ್ನ ಹದಿನಾರಕ್ಕೆ ಷೂನಲ್ಲಿದ್ದ ಮುಂದಿನ ಎಲೆ ಬೀಳುತ್ತಿತ್ತು. ಅದು ಚಿತ್ರದ ಎಲೆಯಾಗಿದ್ದರೆ ನಾನು 21 ದಾಟಿ ಮುಳುಗಿ ಮೂವರೂ ಗೆಲ್ಲುತ್ತಿದ್ದರು. ಆ ಎಲೆ ಏನೆಂದು ನೋಡುವ ಹಕ್ಕು ನನಗಿರಲಿಲ್ಲ. ಕೈಗಳನ್ನು ಮೇಜಿನ ಅಂಚಿಗೆ ತಂದು, ಅಂಗೈ ಕೆಳಗೆ ಮಾಡಿ, “ಫ್ಲೋರ್” ಎಂದು ಕೂಗಿ ಸೂಪರ್‌ವೈಸರನ್ನು ಕರೆದೆ. ಒಬ್ಬರೇ ಸೂಪರ್‌ವೈಸರ್, ಆರು ಮೇಜು. ಅವರು ರೂಲೆಟ್ ಕಡೆಯಿಂದ ಬರಲು ಹಿಡಿದ ಹೊತ್ತು ನನಗೆ ಬಹಳ ದೀರ್ಘವೆನ್ನಿಸಿತು.

ಅವರು ಆಡಿದ ಎಲೆಗಳನ್ನು ಇಡುವ ಡಿಸ್ಕಾರ್ಡ್ ರ‍್ಯಾಕ್‌ನಿಂದ ಎಲೆಗಳನ್ನು ಹಿಂದುಮುಂದಾಗಿ ತೆಗೆದು ಆಟವನ್ನು ಮತ್ತೆ ಜೋಡಿಸಿದರು. ಕ್ಯಾಮೆರಾ ನೋಡುವ ಸರ್ವೆಲೆನ್ಸ್‌ಗೆ ಫೋನ್ ಮಾಡಿದರು. ಹನ್ನೊಂದು ನಿಮಿಷ. ನಾನು ಗೋಡೆಯ ಗಡಿಯಾರ ನೋಡುತ್ತಾ ಕೈಗಳನ್ನು ಕದಲಿಸದೆ ನಿಂತಿದ್ದೆ. ಕೈ ನಡುಗಿದರೂ ಅದು ಮೇಲೆ ದಾಖಲಾಗುತ್ತದೆ. ಮೇಷ್ಟ್ರಿಗೆ ಏನಾಗಿದೆ ಎಂದೇ ತಿಳಿದಿರಲಿಲ್ಲ. “ನಾನೇನು ತಪ್ಪು ಮಾಡಿದೆನಪ್ಪಾ?” ಎಂದು ಕನ್ನಡದಲ್ಲಿ ಮತ್ತೆ ಮತ್ತೆ ಕೇಳಿದರು. ನಾನು ಉತ್ತರಿಸಲಿಲ್ಲ. ಉತ್ತರಿಸಿದರೆ ಅವರಿಗೇ ಕೇಡು ಎಂಬುದು ಆಗ ಹೊಳೆದಿತ್ತು. ಅಷ್ಟರಲ್ಲಿ ಗಡ್ಡದವನು, “ಇವರಿಬ್ಬರೂ ನಾಲ್ಕು ದಿನದಿಂದ ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ” ಎಂದ. ಸೂಪರ್‌ವೈಸರ್ ಮುಖ ಬದಲಾಯಿತು. ಅಲ್ಲಿಯವರೆಗೆ ಅದು ಡೀಲರ್ ಮಾಡಿದ ತಪ್ಪು. ಆ ಮಾತಿನ ನಂತರ ಅದು ಡೀಲರ್ ಮತ್ತು ಅತಿಥಿಯ ಒಳಒಪ್ಪಂದದ ಸಂದೇಹ.

ಮೇಲಿನಿಂದ ಉತ್ತರ ಬಂತು: ಎರಡು ಪೆಟ್ಟು ಸ್ಪಷ್ಟ, ಬೀಸಿದ್ದು ಇಲ್ಲ. ಸೂಪರ್‌ವೈಸರ್ ಮೇಷ್ಟ್ರನ್ನು ಇಂಗ್ಲಿಷಿನಲ್ಲಿ ಕೇಳಿದರು. ಅವರು, ನನಗೆ ಎಲೆ ಬೇಡವಾಗಿತ್ತು, ಬೇಡ ಎಂದೇ ಹೇಳಿದೆ ಎಂದರು. ಆಟ ಇದ್ದಂತೆಯೇ ಊರ್ಜಿತವಾಯಿತು. ಗಡ್ಡದವನ ಐನೂರನ್ನು ಮ್ಯಾನೇಜರ್ ಸೌಜನ್ಯವೆಂದು ಹಿಂದಿರುಗಿಸಿದರು. ನನ್ನನ್ನು ಮೇಜಿನಿಂದ ಕಳುಹಿಸಿದರು.

ನಾಲ್ಕು ದಿನಗಳ ದೃಶ್ಯಗಳನ್ನೆಲ್ಲ ಕುಳಿತು ನೋಡಿದರು. ಇನ್ಶೂರೆನ್ಸ್ ಸಮಯದಲ್ಲಿ ನನ್ನ ತುಟಿ ಅಲುಗಿದ್ದು, ಮೇಷ್ಟ್ರು ಚಿಪ್ ಹಿಂದಕ್ಕೆ ಎಳೆದುಕೊಂಡದ್ದು, ಎಲ್ಲವೂ ಅಲ್ಲಿತ್ತು. ಎರಡು ಪುಟ ಹೇಳಿಕೆ ಬರೆದೆ. ಆರು ಬಿದ್ದಾಗ ಹೋಲ್ ಕಾರ್ಡ್ ನೋಡುವ ಪದ್ಧತಿಯೇ ಇಲ್ಲ, ಗೊತ್ತಿಲ್ಲದ ಎಲೆಯ ಬಗ್ಗೆ ಯಾರಿಗೆ ಏನು ಹೇಳಲಿ ಎಂದು ಬರೆದೆ. ಆದಿತಾಳ ಎಂದರೇನು ಎಂದು ಬರೆದೆ. ಮ್ಯಾನೇಜರ್ ಮುಂದೆ ಮೇಜಿನ ಮೇಲೆ ತಾಳ ಹಾಕಿ ತೋರಿಸಿದೆ. ಅವರು ನಂಬಿದರು. ನಾಲ್ಕು ದಿನಗಳಲ್ಲಿ ಮೇಷ್ಟ್ರು ಸೋತದ್ದು 140 ಡಾಲರ್ ಎಂಬ ಲೆಕ್ಕವೂ ಸಹಾಯಕ್ಕೆ ಬಂತು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಅದು ನ್ಯಾಯ, ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಬೇರೆಯದಕ್ಕೆ. ಆರು ಮೇಜಿಗೆ ಒಬ್ಬ ಸೂಪರ್‌ವೈಸರ್ ಇಟ್ಟರೆ ನಾಲ್ಕು ದಿನದ ಕೆಟ್ಟ ಅಭ್ಯಾಸ ಯಾರ ಕಣ್ಣಿಗೆ ಬಿದ್ದೀತು? ಮೊದಲ ರಾತ್ರಿಯೇ ಯಾರಾದರೂ ನನ್ನ ಹೆಗಲ ಹಿಂದೆ ನಿಂತು ‘ಸಿಗ್ನಲ್’ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೆಲಸಗಾರರನ್ನು ಕಡಿತ ಮಾಡಿ, ತಪ್ಪು ನಡೆದ ಮೇಲೆ ಟೇಪ್ ನೋಡುವುದು ಮೇಲ್ವಿಚಾರಣೆಯಲ್ಲ. ಇದನ್ನು ಹೇಳಿಕೆಯ ಕೊನೆಯಲ್ಲಿ ಬರೆದಿದ್ದೆ, ಯಾರೂ ಉತ್ತರಿಸಲಿಲ್ಲ.

ಇನ್ನೊಂದಕ್ಕೆ ನನ್ನ ಬಳಿಯೇ ಉತ್ತರವಿಲ್ಲ. ಮರುದಿನ ಬೆಳಗ್ಗೆ ಮೇಷ್ಟ್ರ ಕೋಣೆಗೆ ಭದ್ರತಾ ಅಧಿಕಾರಿ ಹೋಗಿದ್ದರಂತೆ. ಡೀಲರ್ ನಿಮಗೆ ಮೊದಲೇ ಪರಿಚಯವೇ, ಹಡಗಿನ ಹೊರಗೆ ಮಾತಾಡಿದ್ದೀರಾ, ಹಣ ಕೊಟ್ಟಿದ್ದೀರಾ ಎಂದು ಹೆಂಡತಿಯ ಮುಂದೆ ಕೇಳಿದರಂತೆ. ಕೋಣೆ ನೋಡಿಕೊಳ್ಳುವ ಗೆಳೆಯ ಹೇಳಿದ. ಜೀವನವಿಡೀ ಮಕ್ಕಳಿಗೆ ಲೆಕ್ಕ ಕಲಿಸಿದ ಮನುಷ್ಯನಿಗೆ ಆ ಪ್ರಶ್ನೆಗಳು ಬಂದದ್ದು ನಾನು ಅವರಿಂದ ಒಂದು ಕೈಸನ್ನೆ ಕೇಳಲು ಸಂಕೋಚಪಟ್ಟದ್ದರಿಂದ.

ಈಗ ನನ್ನ ಮೇಜಿಗೆ ಹೊಸಬರು ಬಂದರೆ ಮೊದಲ ಎಲೆಗೆ ಮುನ್ನ ಎರಡೂ ಸನ್ನೆಗಳನ್ನು ನಾನೇ ಮಾಡಿ ತೋರಿಸುತ್ತೇನೆ. ಮಾತಿನಲ್ಲಿ ಹೇಳಿದರೆ ಕಾಯುತ್ತೇನೆ, ಕೈ ಕಾಣುವವರೆಗೆ ಎಲೆ ಕದಲುವುದಿಲ್ಲ. ತೊಂಬತ್ತರ ಅಜ್ಜಿಯಾದರೂ ಅಷ್ಟೇ. 6 ಟು 5 ಎಂಬುದನ್ನೂ ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಹೇಳುತ್ತೇನೆ. ಯಾರೂ ಈವರೆಗೆ ಬೇಡ ಎಂದಿಲ್ಲ.

ಪ್ರವಾಸದ ಕೊನೆಯ ಬೆಳಗ್ಗೆ ಕ್ಯಾಸಿನೊ ಮುಚ್ಚಿರುವುದರಿಂದ ನಮ್ಮನ್ನು ಹಡಗಿನಿಂದ ಇಳಿಯುವ ಗ್ಯಾಂಗ್‌ವೇ ಬಳಿ ಸಾಲು ನೋಡಿಕೊಳ್ಳಲು ಹಾಕುತ್ತಾರೆ. ಮೇಷ್ಟ್ರು ಮಗನ ಹಿಂದೆ ನಿಧಾನವಾಗಿ ಬಂದರು. ನನ್ನನ್ನು ಕಂಡು ನಿಂತರು. ಕ್ಷಮೆ ಕೇಳಬೇಕೆಂದು ರಾತ್ರಿಯಿಡೀ ಮಾತು ಜೋಡಿಸಿಕೊಂಡಿದ್ದೆ. ಅವರು ತಲೆಯೆತ್ತಿ ಚಾವಣಿಯ ಕಪ್ಪು ಗಾಜಿನ ಗೋಲವನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ, ಇಂಗ್ಲಿಷಿನಲ್ಲಿ, “ಗುಡ್ ಮಾರ್ನಿಂಗ್” ಎಂದರು.