ಮುಂದಿನ ಹಾಯಿ ಸುತ್ತದೆ ನಿಂತ ದಿನ

ಎರಡು ಸುತ್ತು ಸುತ್ತಿತು, ಅಷ್ಟೇ. ಆಮೇಲೆ ಹಗ್ಗ ಬಂಡೆಗೆ ಕಟ್ಟಿದ ಹಾಗೆ ನಿಂತುಬಿಟ್ಟಿತು.

ಮಧ್ಯಾಹ್ನ 12 ನಾಟ್ ಇದ್ದ ಗಾಳಿ ಸಂಜೆ ಹೊತ್ತಿಗೆ 20 ದಾಟಿತ್ತು. ತಮ್ಮ ಚುಕ್ಕಾಣಿ ಹಿಡಿದಿದ್ದ. ಮುಂದಿನ ಹಾಯಿಯನ್ನು ಅರ್ಧಕ್ಕೆ ಸುತ್ತಿ ಚಿಕ್ಕದು ಮಾಡೋಣ ಅಂತ ನಾನು ಫರ್ಲರ್ (ಹಾಯಿ ಸುತ್ತುವ ಸಾಧನ) ಹಗ್ಗ ಎಳೆಯುತ್ತಿದ್ದೆ. ಎಂಟು ವರ್ಷದಿಂದ ನಮ್ಮದು ಇದೇ ಹಾಯಿದೋಣಿ, ಇದೇ ಫರ್ಲರ್. ಯಾವತ್ತೂ ಕೈಯಲ್ಲಿ ಎಳೆದರೆ ಬರುತ್ತಿತ್ತು. ಅವತ್ತು ಬರಲಿಲ್ಲ. ಹಗ್ಗವನ್ನು ವಿಂಚಿಗೆ, ಅಂದರೆ ಹಗ್ಗ ಬಿಗಿಯುವ ಉರುಳೆಗೆ, ಮೂರು ಸುತ್ತು ಹಾಕಿದೆ, ಹಿಡಿಕೆ ಸಿಕ್ಕಿಸಿ ತಿರುಗಿಸಿದೆ. ಸ್ವಲ್ಪ ಬಂತು. ಮೇಲಿನಿಂದ ಕರ್ರ್ ಅಂತ ಸದ್ದು ಕೇಳಿಸಿತು.

"ಅಕ್ಕಾ, ಸಾಕು, ಬಿಡು! ಮೇಲೆ ನೋಡು, ಮೇಲೆ!"

ಅಲ್ಲಿಯವರೆಗೂ ನನ್ನ ಕಣ್ಣು ದೋಣಿಯ ಮೂತಿಯಲ್ಲಿರುವ ಡ್ರಮ್ ಮೇಲೇ ಇತ್ತು. ತಲೆ ಎತ್ತಿ ನೋಡಿದರೆ, ಹಾಯಿಕಂಬದ ತುದಿಯ ಹತ್ತಿರ ಹ್ಯಾಲ್ಯಾರ್ಡ್, ಅಂದರೆ ಹಾಯಿಯನ್ನು ಮೇಲೆತ್ತಿ ಹಿಡಿಯುವ ಹಗ್ಗ, ಬಳ್ಳಿಯ ಹಾಗೆ ಸುತ್ತಿಕೊಂಡು ನಿಂತಿತ್ತು.

ಫರ್ಲರ್ ನೋಡಿಲ್ಲದವರಿಗೆ ಸ್ವಲ್ಪ ಹೇಳಬೇಕು. ದೋಣಿಯ ಮೂತಿಯಿಂದ ಕಂಬದ ತುದಿಯವರೆಗೆ ಓರೆಯಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದೇ ಫೋರ್‌ಸ್ಟೇ. ಕಂಬ ಹಿಂದಕ್ಕೆ ಬೀಳದ ಹಾಗೆ ಹಿಡಿದಿರುವುದು ಅದು. ಅದರ ಮೇಲೆ ಉದ್ದಕ್ಕೂ ಅಲ್ಯೂಮಿನಿಯಂ ಕೊಳವೆಗಳನ್ನು ಜೋಡಿಸಿ ತೊಡಿಸಿರುತ್ತಾರೆ. ಇದಕ್ಕೆ ಫಾಯಿಲ್ ಅಂತ ಹೆಸರು. ಹಾಯಿಯ ಮುಂದಿನ ಅಂಚು ಫಾಯಿಲ್‌ನ ಸೀಳಿನೊಳಗೆ ಕೂತಿರುತ್ತದೆ. ಕೆಳಗೆ ಒಂದು ಡ್ರಮ್. ಹಗ್ಗ ಎಳೆದರೆ ಡ್ರಮ್ ತಿರುಗುತ್ತದೆ, ಅದರ ಜೊತೆ ಫಾಯಿಲ್ ತಿರುಗುತ್ತದೆ, ಹಾಯಿ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ.

ಇನ್ನು ಮೇಲೆ ಸ್ವಿವೆಲ್ ಅಂತ ಒಂದು ಭಾಗ ಇದೆ. ನೋಡಲು ಚಿಕ್ಕದು, ಕೆಲಸ ದೊಡ್ಡದು. ಅದರ ಕೆಳಭಾಗ ಹಾಯಿಯ ತಲೆಯನ್ನು ಹಿಡಿದುಕೊಂಡು ಫಾಯಿಲ್ ಜೊತೆ ತಿರುಗಬೇಕು. ಮೇಲ್ಭಾಗ ಹ್ಯಾಲ್ಯಾರ್ಡ್‌ಗೆ ತಗುಲಿಕೊಂಡು ಅಲುಗದೆ ನಿಲ್ಲಬೇಕು. ನಡುವೆ ಬೇರಿಂಗ್ ಇರುತ್ತದೆ. ಮೇಲ್ಭಾಗವೂ ತಿರುಗಲು ಶುರು ಮಾಡಿತು ಅಂದರೆ ಹ್ಯಾಲ್ಯಾರ್ಡ್ ಕೂಡ ಅದರ ಜೊತೆ ಹೋಗಿ ಫಾಯಿಲ್‌ಗೆ ಸುತ್ತಿಕೊಳ್ಳುತ್ತದೆ. ಒಂದೆರಡು ಸುತ್ತಿನಲ್ಲೇ ಎಲ್ಲ ಬಿಗಿದು ಹೋಗುತ್ತದೆ. ನಮಗೆ ಆಗಿದ್ದು ಇದೇ. ದೋಣಿಯವರು ಇದನ್ನು ಹ್ಯಾಲ್ಯಾರ್ಡ್ ರ್‍ಯಾಪ್ ಅನ್ನುತ್ತಾರೆ.

ಆ ಹೊತ್ತಿನಲ್ಲಿ ಕಾಡಿದ ದೊಡ್ಡ ಚಿಂತೆ ಬೇರೆ ಇತ್ತು. ಹ್ಯಾಲ್ಯಾರ್ಡ್ ಸುತ್ತಿಕೊಂಡಿದ್ದರೆ ಹಾಯಿ ಕೆಳಗೆ ಇಳಿಯುವುದೂ ಇಲ್ಲ. ಸುತ್ತಲೂ ಆಗದು, ಇಳಿಸಲೂ ಆಗದು. ಗಾಳಿ ಮಾತ್ರ ಏರುತ್ತಲೇ ಇದೆ.

ತಮ್ಮನಿಗೆ ಗಾಳಿಯನ್ನು ಬೆನ್ನಿಗೆ ತೆಗೆದುಕೋ ಅಂದೆ. ಅವನು ದೋಣಿ ತಿರುಗಿಸಿದ. ದೊಡ್ಡ ಹಾಯಿಯ ಮರೆಗೆ ಬಂದ ತಕ್ಷಣ ಮುಂದಿನ ಹಾಯಿಯ ಸೆಳೆತ ಅರ್ಧಕ್ಕಿಂತ ಕಡಿಮೆಯಾಯಿತು. ಆಗ ಫರ್ಲರ್ ಹಗ್ಗವನ್ನು ಮೆಲ್ಲಗೆ ಬಿಡುತ್ತಾ, ಇನ್ನೊಂದು ಕೈಯಲ್ಲಿ ಶೀಟ್ (ಹಾಯಿಯ ಹಿಂದಿನ ಮೂಲೆಗೆ ಕಟ್ಟಿದ ಹಗ್ಗ) ಎಳೆದು, ಸುತ್ತಿದ್ದಷ್ಟನ್ನೂ ವಾಪಸ್ ಬಿಚ್ಚಿದೆ. ಫಾಯಿಲ್ ಹಿಂದಕ್ಕೆ ತಿರುಗಿತು, ಮೇಲಿನ ಸುತ್ತೂ ಬಿಚ್ಚಿಕೊಂಡಿತು. ಕೂಡಲೇ ಹ್ಯಾಲ್ಯಾರ್ಡ್ ಸಡಿಲ ಬಿಟ್ಟು ಹಾಯಿಯನ್ನು ಇಳಿಸಿದೆವು. ಇಳಿಸುವಾಗ ಒಂದು ಎಚ್ಚರ ಬೇಕು. ಈ ಹಾಯಿಗೆ ಕೊಂಡಿಗಳಿಲ್ಲ. ಸೀಳಿನಿಂದ ಜಾರಿದ ಬಟ್ಟೆ ಪೂರ್ತಿ ಬಿಡಿಯಾಗುತ್ತದೆ, ಗಾಳಿ ಹಿಡಿದರೆ ನೇರ ನೀರಿಗೆ. ನಾನು ಅದರ ಮೇಲೆ ಮಲಗಿಬಿಟ್ಟೆ. ಸಿಕ್ಕ ಹಗ್ಗದಲ್ಲೆಲ್ಲ ಬಿಗಿದು ಕಟ್ಟಿ, ಉಳಿದ ದಾರಿಯನ್ನು ಎಂಜಿನ್ ಹಾಕಿಕೊಂಡು ಬಂದೆವು.

ಮರುದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಇಂಥ ಕೆಲಸಕ್ಕೆ ಅಂಥ ದಿನವೇ ಆಗಬೇಕು.

ಹ್ಯಾಲ್ಯಾರ್ಡ್ ಸುತ್ತಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೆ, ನಿಜ. ಆದರೆ ಎಂಟು ವರ್ಷ ಸರಿಯಾಗಿದ್ದದ್ದು ಅವತ್ತು ಯಾಕೆ ಸುತ್ತಿಕೊಂಡಿತು? ಅದು ಗೊತ್ತಾಗದೆ ಬಿಡಿಸಿ ಮತ್ತೆ ಏರಿಸಿದರೆ ಏನು ಪ್ರಯೋಜನ? ಹಾಗಾಗಿ ಕೆಳಗಿನಿಂದಲೇ ಒಂದೊಂದಾಗಿ ನೋಡುತ್ತಾ ಹೋದೆ.

ಮೊದಲು ಡ್ರಮ್. ಹಗ್ಗದ ಸುತ್ತುಗಳು ಒಂದರ ಕೆಳಗೊಂದು ಸಿಕ್ಕಿಕೊಂಡರೂ ಫರ್ಲರ್ ಹೀಗೇ ನಿಲ್ಲುತ್ತದೆ. ಹಾಯಿ ಬಿಚ್ಚುವಾಗ ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟರೆ ಡ್ರಮ್‌ನಲ್ಲಿ ಸುತ್ತುಗಳು ಸಡಿಲವಾಗಿ ಕೂರುತ್ತವೆ. ಆಮೇಲೆ ಜೋರಾಗಿ ಎಳೆದಾಗ ಮೇಲಿನದು ಕೆಳಗಿನದರೊಳಗೆ ಹೂತುಕೊಳ್ಳುತ್ತದೆ. ಬಿಚ್ಚುವಾಗ ಕೈಯಲ್ಲಿ ಸ್ವಲ್ಪ ಬಿಗಿ ಇಟ್ಟುಕೊಂಡರೆ ಈ ತೊಂದರೆ ಬರುವುದಿಲ್ಲ. ಹಗ್ಗ ಡ್ರಮ್ ಒಳಗೆ ಹೋಗುವ ದಾರಿಯೂ ಮುಖ್ಯ. ಕೊನೆಯ ರಾಟೆಯಿಂದ ಬರುವ ಹಗ್ಗ ಫೋರ್‌ಸ್ಟೇಗೆ ಲಂಬವಾಗಿ, ಡ್ರಮ್‌ನ ನಡುಭಾಗಕ್ಕೆ ಬರಬೇಕು. ಓರೆಯಾಗಿ ಬಂದರೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ನಮ್ಮದರಲ್ಲಿ ಎರಡೂ ಸರಿಯಿತ್ತು.

ಆಮೇಲೆ ಬೇರಿಂಗ್. ಹಾಯಿ ಇಲ್ಲದೆ ಡ್ರಮ್ ತಿರುಗಿಸಿದೆ. ಒಂದು ಬೆರಳಿಗೆ ತಿರುಗಿತು. ನಮ್ಮ ಫರ್ಲರ್‌ನಲ್ಲಿರುವುದು ತೆರೆದ ಪ್ಲಾಸ್ಟಿಕ್ ಗುಂಡುಗಳು. ಇವಕ್ಕೆ ಸಿಹಿನೀರು ಬಿಟ್ಟು ಉಪ್ಪು ತೊಳೆದರೆ ಸಾಕು. ಗ್ರೀಸ್ ಹಚ್ಚಿದರೆ ಉಪ್ಪು, ಮರಳು ಅದಕ್ಕೇ ಅಂಟಿಕೊಂಡು ಕೆಡುತ್ತದೆ. ಗ್ರೀಸ್ ಬೇಕೇಬೇಕು ಅನ್ನುವ ಫರ್ಲರ್‌ಗಳೂ ಇವೆ, ಪೂರ್ತಿ ಮುಚ್ಚಿದ ಬೇರಿಂಗ್ ಇರುವವೂ ಇವೆ. ನಿಮ್ಮದು ಯಾವುದು ಅಂತ ಅದರ ಕೈಪಿಡಿ ನೋಡಿಯೇ ಮುಂದುವರಿಯಿರಿ, ದಯವಿಟ್ಟು.

ಸ್ವಿವೆಲ್ ಹಾಗೆ ಸುಲಭಕ್ಕೆ ನಿಜ ಹೇಳುವುದಿಲ್ಲ. ಸುಮ್ನೆ ಕೈಯಲ್ಲಿ ಹಿಡಿದು ತಿರುಗಿಸಿದರೆ ಯಾವ ಸ್ವಿವೆಲ್ ಆದರೂ ತಿರುಗುತ್ತದೆ, ಅಲ್ವಾ? ಭಾರ ಬಿದ್ದಾಗ ತಿರುಗಬೇಕು. ಅದಕ್ಕೆ ನಾನು ಹೀಗೆ ಮಾಡಿದೆ. ಹ್ಯಾಲ್ಯಾರ್ಡ್ ಅನ್ನು ಮೇಲಿನ ಬಳೆಗೆ ಹಾಕಿದೆ. ಕೆಳಗಿನ ಬಳೆಯಿಂದ ಒಂದು ಗಟ್ಟಿ ಹಗ್ಗವನ್ನು ಮೂತಿಯ ಉಕ್ಕಿನ ಕೊಂಡಿಗೆ ಕಟ್ಟಿದೆ. ಸ್ವಿವೆಲ್ ನನ್ನ ಎದೆಮಟ್ಟಕ್ಕೆ ಇರುವಾಗ ತಮ್ಮ ವಿಂಚಿನಲ್ಲಿ ಚೆನ್ನಾಗಿ ಬಿಗಿ ಮಾಡಿದ. ಆ ಭಾರದಲ್ಲಿ ಕೈಯಿಂದ ತಿರುಗಿಸಿದೆ. ಮೆತ್ತಗೆ, ತಡೆಯಿಲ್ಲದೆ ತಿರುಗಿತು. ಕೆಳಗಿನ ಬಳೆಗೆ ಕಟ್ಟಿದ ಆ ಹಗ್ಗವನ್ನು ಮರೆಯಬಾರದು. ಅದಿಲ್ಲದೆ ಸ್ವಿವೆಲ್ ಒಂದನ್ನೇ ಮೇಲೆ ಕಳಿಸಿದರೆ ಅದು ಅಲ್ಲೇ ಉಳಿದುಬಿಡುತ್ತದೆ. ಇಳಿಸಿಕೊಳ್ಳಲು ಕಂಬ ಹತ್ತಬೇಕಾಗುತ್ತದೆ.

ಹೇಗೂ ಹತ್ತಲೇಬೇಕಾಯಿತು. ಕೂರುವ ಚೀಲಕ್ಕೆ ಎರಡು ಹಗ್ಗ, ಒಂದು ಎತ್ತಲು, ಇನ್ನೊಂದು ಕಾಯಲು. ತಮ್ಮ ವಿಂಚ್ ತಿರುಗಿಸಿದ, ನಾನು ಮೇಲೆ ಹೋದೆ.

ಮೇಲೆ ಕಂಡದ್ದು ಇವತ್ತಿಗೂ ಕಣ್ಣ ಮುಂದಿದೆ. ಫಾಯಿಲ್ ಮುಗಿಯುವ ಜಾಗದಿಂದ ಕಂಬದವರೆಗೆ ಒಂದು ಗೇಣಿನಷ್ಟು ಬರಿ ತಂತಿ ಕಾಣುತ್ತದೆ. ಆ ತಂತಿಯಲ್ಲಿ ಒಟ್ಟು 19 ಎಳೆ. ನಡುವೆ ಒಂದು, ಅದರ ಸುತ್ತ 6, ಹೊರಗೆ 12. ಹೊರಗಿನ 12ರಲ್ಲಿ ಒಂದು ಎಳೆ ತುದಿಯ ಜೋಡಣೆಯ ಬಾಯಲ್ಲೇ ತುಂಡಾಗಿ ಮುಳ್ಳಿನ ಹಾಗೆ ಎದ್ದು ನಿಂತಿತ್ತು. ಪಕ್ಕದ ಎರಡು ಎಳೆ ಹೆಣಿಗೆ ಬಿಚ್ಚಿ ಸಡಿಲವಾಗಿದ್ದವು.

ನಾನು ವಿಂಚ್ ತಿರುಗಿಸಿದಾಗ ಕೇಳಿದ ಸದ್ದು ಅದು. ಡ್ರಮ್ ಕೆಳಗಿನಿಂದ ತಿರುಚುತ್ತಿದೆ, ಸುತ್ತಿಕೊಂಡ ಹ್ಯಾಲ್ಯಾರ್ಡ್ ಮೇಲೆ ಬಿಗಿ ಹಿಡಿದಿದೆ. ಆ ತಿರುಚು ಪೂರ್ತಿ ಹೋಗಿ ಬಿದ್ದದ್ದು ಒಳಗಿನ ತಂತಿಯ ಮೇಲೆ. ಕೈಯಲ್ಲಿ ಎಳೆದಾಗ ಇಷ್ಟು ಬಲ ಬರುವುದಿಲ್ಲ. ವಿಂಚಿಗೆ ಅದು ಏನೂ ಅಲ್ಲ. ಕಂಬವನ್ನು ಹಿಡಿದಿರುವ ತಂತಿಯನ್ನೇ ನನ್ನ ಕೈಯಾರೆ ಬಿಚ್ಚುತ್ತಿದ್ದೆ. ತಮ್ಮ ಕೂಗದಿದ್ದರೆ ಇನ್ನೆರಡು ಸುತ್ತು ಖಂಡಿತ ತಿರುಗಿಸುತ್ತಿದ್ದೆ.

ಕೆಳಗೆ ಇಳಿದವಳು ಮೊದಲು ಮಾಡಿದ್ದು, ಬಳಕೆಯಲ್ಲಿ ಇಲ್ಲದ ಇನ್ನೊಂದು ಹ್ಯಾಲ್ಯಾರ್ಡ್ ಅನ್ನು ಮೂತಿಗೆ ತಂದು ಬಿಗಿದು ಕಟ್ಟುವುದು. ಫೋರ್‌ಸ್ಟೇ ಹೋದರೂ ಕಂಬ ನಿಲ್ಲಲಿ ಅಂತ. ಆಮೇಲೆ ತಂತಿ ಕೆಲಸದವರನ್ನು ಕರೆಸಿ ಇಡೀ ಫೋರ್‌ಸ್ಟೇ ಬದಲಾಯಿಸಿದೆವು. ಒಂದು ಎಳೆ ಹೋಗಿದೆ, 18 ಇದೆಯಲ್ಲ ಅಂತ ಲೆಕ್ಕ ಹಾಕುವ ಹಾಗಿಲ್ಲ. ಒಂದು ಹೋದರೆ ಆ ತಂತಿಯನ್ನು ತೆಗೆಯಲೇಬೇಕು.

ಇನ್ನು ಕಾರಣ. ಫಾಯಿಲ್‌ನ ಮೇಲ್ತುದಿಯಿಂದ ಸುಮಾರು ಅರ್ಧ ಮೀಟರ್ ಕೆಳಗೆ ಉಜ್ಜಿದ ಗುರುತುಗಳಿದ್ದವು. ಸುರುಳಿ ಸುರುಳಿಯಾಗಿ ಮೇಲಕ್ಕೆ ಹೋಗಿದ್ದವು. ಹ್ಯಾಲ್ಯಾರ್ಡ್‌ನ ಹೊರ ಹೊದಿಕೆಯಲ್ಲೂ ಅದೇ ಓರೆ ಗೀರು. ಸ್ವಿವೆಲ್ ಅಷ್ಟು ಕೆಳಗೆ ಯಾಕೆ ನಿಂತಿತ್ತು? ಯೋಚಿಸುತ್ತಾ ಇಳಿಯುವಾಗಲೇ ಹೊಳೆಯಿತು. ಎರಡು ತಿಂಗಳ ಹಿಂದೆ ಹಾಯಿ ಬದಲಾಯಿಸಿದ್ದೆವು.

ಹಳೆಯದು ದೊಡ್ಡ ಜೆನೋವಾ. ಇಬ್ಬರೇ ಇರುವಾಗ ಅದು ಜಾಸ್ತಿ ಆಗುತ್ತದೆ ಅಂತ ಚಿಕ್ಕ ಜಿಬ್ ಹಾಕಿದ್ದೆವು. ಅದರ ಮುಂದಿನ ಅಂಚು ಹಳೆಯದಕ್ಕಿಂತ 46 ಸೆಂಟಿಮೀಟರ್ ಗಿಡ್ಡ. ಕೊಳ್ಳುವಾಗ ನಾನು ಹಾಯಿಯ ಅಗಲ ನೋಡಿದೆ, ಬಟ್ಟೆಯ ತೂಕ ನೋಡಿದೆ, ಹೊಲಿಗೆ ನೋಡಿದೆ. ಈ ಉದ್ದ ಏನು ಮಾಡುತ್ತದೆ ಅಂತ ಯೋಚಿಸಲಿಲ್ಲ. ಹಾಯಿ ಗಿಡ್ಡವಾದರೆ ಅದರ ತಲೆ ಹಿಡಿದ ಸ್ವಿವೆಲ್ ಕೂಡ ಅಷ್ಟೇ ಕೆಳಗೆ ನಿಲ್ಲುತ್ತದೆ. ಆಗ ಹ್ಯಾಲ್ಯಾರ್ಡ್ ಕಂಬದಿಂದ ಸ್ವಿವೆಲ್‌ವರೆಗೆ ಫಾಯಿಲ್‌ಗೆ ಒತ್ತಿಕೊಂಡ ಹಾಗೆ, ಅದಕ್ಕೆ ಸಮಾಂತರವಾಗಿ ಬರುತ್ತದೆ. ಸ್ವಿವೆಲ್‌ನ ಮೇಲ್ಭಾಗವನ್ನು ತಿರುಗದಂತೆ ಹಿಂದಕ್ಕೆ ಎಳೆದು ಹಿಡಿಯುವ ಬಲವೇ ಅದಕ್ಕೆ ಇರುವುದಿಲ್ಲ. ಸ್ವಿವೆಲ್ ತುದಿಯ ಹತ್ತಿರ ಇದ್ದರೆ ಹ್ಯಾಲ್ಯಾರ್ಡ್ ಫಾಯಿಲ್‌ನಿಂದ ಸುಮಾರು 8ರಿಂದ 10 ಡಿಗ್ರಿ ದೂರ ಸರಿದು ಕಂಬದ ಕಡೆ ಹೋಗುತ್ತದೆ. ಆ ಸಣ್ಣ ಕೋನವೇ ಎಲ್ಲವನ್ನೂ ಕಾಯುತ್ತಿತ್ತು. ತೆಳುಗಾಳಿಯಲ್ಲಿ ಎರಡು ತಿಂಗಳು ಹೇಗೋ ನಡೆಯಿತು. ಜೋರು ಗಾಳಿ ಬಂದು ಭಾರ ಬಿದ್ದ ದಿನ ಕೈಕೊಟ್ಟಿತು.

ಪರಿಹಾರ ಒಂದು ತುಂಡು ಹಗ್ಗ, ಅಷ್ಟೇ. ಹಾಯಿಯ ತಲೆಗೂ ಸ್ವಿವೆಲ್‌ಗೂ ನಡುವೆ ಒಂದು ಪೆನೆಂಟ್ ಹಾಕಿದರೆ ಸ್ವಿವೆಲ್ ತನ್ನ ಹಳೆಯ ಎತ್ತರಕ್ಕೆ ಹೋಗುತ್ತದೆ. ತಮ್ಮ ಅದನ್ನು ಕೆಳಗೆ, ಡ್ರಮ್ ಹತ್ತಿರ ಹಾಕೋಣ ಅಂದ. ಹಾಗೆ ಮಾಡಿದರೆ ಇಡೀ ಹಾಯಿ ಮೇಲಕ್ಕೆ ಹೋಗಿ ಅದರ ಅಡಿಯಿಂದ ಮುಂದಿನದು ಚೆನ್ನಾಗಿ ಕಾಣುತ್ತದೆ ಅನ್ನುವುದು ಅವನ ಮಾತು. ಅದೂ ಸರಿಯೇ. ಆದರೆ ಹಾಯಿ ಮೇಲೆ ಹೋದಷ್ಟೂ ದೋಣಿ ಜಾಸ್ತಿ ವಾಲುತ್ತದೆ. ಜೋರು ಗಾಳಿಗೆ ಅಂತಲೇ ತಂದ ಹಾಯಿ ಅದು. ಪೆನೆಂಟ್ ಮೇಲೇ ಇರಲಿ ಅಂದೆ.

5 ಮಿಲಿಮೀಟರ್ ಡೈನೀಮಾ ಹಗ್ಗ ತೆಗೆದುಕೊಂಡು ಎರಡೂ ತುದಿಯಲ್ಲಿ ಕಣ್ಣು, ಅಂದರೆ ಕುಣಿಕೆ, ಹೆಣೆದೆ. ಹೆಣೆದ ಕೂಡಲೇ ಅಳೆಯಬಾರದು. ಮೊದಲ ಸಲ ಭಾರ ಬಿದ್ದಾಗ ಹೆಣಿಗೆ ಕೂತು ಸ್ವಲ್ಪ ಉದ್ದ ಆಗುತ್ತದೆ. ಎರಡು ವಿಂಚಿನ ನಡುವೆ ಕಟ್ಟಿ ರಾತ್ರಿಯಿಡೀ ಬಿಗಿದಿಟ್ಟು, ಬೆಳಿಗ್ಗೆ ಅಳೆದಾಗ 45 ಸೆಂಟಿಮೀಟರ್ ಬಂತು. ಇದಕ್ಕಿಂತ ಉದ್ದ ಬೇಡ. ಸ್ವಿವೆಲ್ ಫಾಯಿಲ್‌ನ ತುದಿ ದಾಟಿ ಹೋದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದು ಇನ್ನೊಂದು ಥರದ ಗೋಳು. ಹಾಯಿ ಏರಿಸಿ, ಹ್ಯಾಲ್ಯಾರ್ಡ್ ಬಿಗಿ ಮಾಡಿ, ದುರ್ಬೀನಿನಲ್ಲಿ ನೋಡಿದೆ. ಸ್ವಿವೆಲ್‌ನಿಂದ ಮೇಲೆ ಒಂದು ಅಂಗೈ ಅಗಲದಷ್ಟು ಫಾಯಿಲ್ ಉಳಿದಿತ್ತು. ಹ್ಯಾಲ್ಯಾರ್ಡ್ ಕಂಬದ ಕಡೆಗೆ ಸರಿಯಾಗಿ ಓರೆಯಾಗಿತ್ತು.

ಕೆಲಸ ಮಾಡುವಾಗ ಇನ್ನೆರಡು ಸಣ್ಣ ವಿಷಯ ಸರಿಮಾಡಿಕೊಂಡೆ. ಹಾಯಿ ಪೂರ್ತಿ ಸುತ್ತಿದ ಮೇಲೆ ಶೀಟ್ ಹಗ್ಗವೂ ಎರಡು ಮೂರು ಸುತ್ತು ಹಾಯಿಯ ಮೇಲೆ ಬರುವಷ್ಟು ಹಗ್ಗ ಡ್ರಮ್‌ನಲ್ಲಿ ಇರಬೇಕು. ಜೋರು ಗಾಳಿಯಲ್ಲಿ ಹಾಯಿ ಬಿಗಿಯಾಗಿ ಸುತ್ತುತ್ತದೆ, ಆಗ ಸುತ್ತುಗಳೂ ಜಾಸ್ತಿ ಬೇಕು. ನಮ್ಮದರಲ್ಲಿ ಹಗ್ಗ ಸ್ವಲ್ಪ ಕಡಿಮೆ ಇತ್ತು, ನಾಲ್ಕು ಸುತ್ತು ಸೇರಿಸಿದೆ. ಮತ್ತೆ, ಮುಂದೆ ಸಡಿಲವಾಗಿ ನೇತಾಡುತ್ತಿದ್ದ ಎರಡನೇ ಹ್ಯಾಲ್ಯಾರ್ಡ್ ಅನ್ನು ಕಂಬದ ಬುಡಕ್ಕೆ ಎಳೆದು ಕಟ್ಟಿದೆ. ಅದು ಕೂಡ ಹಾಯಿಯ ಸುತ್ತಿನೊಳಗೆ ಸಿಕ್ಕಿಕೊಂಡು ಫರ್ಲರ್ ನಿಲ್ಲಿಸಬಲ್ಲದು.

ಹೋದ ವಾರ 22 ನಾಟ್ ಗಾಳಿಯಲ್ಲಿ ಹೊರಗೆ ಹೋಗಿದ್ದೆವು. ಈ ಸಲ ಚುಕ್ಕಾಣಿ ನನ್ನ ಕೈಯಲ್ಲಿ, ಹಗ್ಗ ತಮ್ಮನ ಕೈಯಲ್ಲಿ. ಎಳೆಯುವ ಮೊದಲು ಇಬ್ಬರೂ ತಲೆ ಎತ್ತಿ ಕಂಬದ ತುದಿ ನೋಡಿದೆವು. ವಿಂಚಿನ ಹಿಡಿಕೆಯನ್ನು ನಾನು ಕೆಳಗೆ ಕ್ಯಾಬಿನ್‌ನಲ್ಲೇ ಇಟ್ಟು ಬಂದಿದ್ದೆ. ಅವನು ಒಂದೊಂದೇ ಮೊಳ ಎಳೆದ. ಹಾಯಿ ತಡೆಯದೆ ಸುತ್ತುತ್ತಾ ಹೋಯಿತು. ಕೊನೆಗೆ ಶೀಟ್ ಹಗ್ಗ ಮೂರು ಸುತ್ತು ಬಂದು ಅದನ್ನು ಬಿಗಿದು ಹಿಡಿಯಿತು.