ಅಡಿಕೆ ಅಂಗಳದಲ್ಲಿ ಚಕ್ಕೋತದ ಪಲೋಮಾ

ಕಳೆದ ಡಿಸೆಂಬರಿನಲ್ಲಿ ಅಡಿಕೆ ಸುಲಿತ ನಡೆಯುತ್ತಿದ್ದ ಒಂದು ಭಾನುವಾರ, ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ಮನೆಯಲ್ಲಿ ನಾನು ಮೆಕ್ಸಿಕೋದ ಮದ್ಯವಾದ ಟಕೀಲಾ ಬೆರೆಸಿದ ಹುಳಿ ಪಾನೀಯ ಮಾಡಲು ಹೊರಟೆ. ಹೊರದೇಶದಿಂದ ಬಂದ ಭಾವ ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡು ತಂದಿದ್ದ 750 ಮಿಲಿಲೀಟರಿನ ಬಾಟಲಿಯೊಂದು ಮೂರು ವಾರಗಳಿಂದ ಅಕ್ಕಿ ಡಬ್ಬದ ಹಿಂದೆ ಕೂತಿತ್ತು. ಮನೆಯಲ್ಲಿ ಕುಡಿಯುವವರು ಇಲ್ಲವೆಂದಲ್ಲ, ಆದರೆ ಕುಡಿಯುವುದನ್ನು ಹಗಲಿನಲ್ಲಿ, ಅದೂ ಅಂಗಳದಲ್ಲಿ, ಯಾರೂ ಮಾಡಿದವರಲ್ಲ. "ಎಂತಾ ಮಾರಾಯ, ಸುಲಿಯೋಕೆ ಬಂದವರ ಎದುರಿಗೆ ಅದನ್ನ ಇಟ್ಕಂಡು ಕೂರಬೇಡ" ಎಂದು ಅಮ್ಮ ಎರಡು ಬಾರಿ ಎಚ್ಚರಿಸಿದರು. ಹೀಗೆ ಮನೆಮಂದಿಯೆಲ್ಲ ಬಾಟಲಿಯ ಮೇಲೆ ಕಣ್ಣಿಟ್ಟಿದ್ದರು. ಹಣ್ಣಿನ ಬುಟ್ಟಿಯ ಕಡೆಗೆ ಯಾರ ಗಮನವೂ ಇರಲಿಲ್ಲ, ನನ್ನದೂ ಇರಲಿಲ್ಲ.

ಬಾಟಲಿಯ ಮೇಲೆ '100% ಅಗಾವೆ' ಎಂದು ಬರೆದಿತ್ತು. ಅಗಾವೆ ಎಂದರೆ ನಾವು ಕತ್ತಾಳೆ ಎನ್ನುವ ಕುಲವೇ. ಬಯಲುಸೀಮೆಯ ಬೇಲಿಗಳಲ್ಲಿ ಮುಳ್ಳುಗತ್ತಿಯಂತೆ ನಿಲ್ಲುವ, ನಾರು ತೆಗೆದು ಹಗ್ಗ ಹೊಸೆಯುವ ಈ ಕುಲದ ಗಿಡಗಳೆಲ್ಲ ಮೂಲತಃ ಅಮೆರಿಕ ಖಂಡದವು. ಟಕೀಲಾ ಎಂದು ಕರೆಸಿಕೊಳ್ಳಲು ಮಾತ್ರ ನೀಲಿ ಅಗಾವೆ ಎಂಬ ಒಂದೇ ಬಗೆಯೇ ಆಗಬೇಕು. ಅದೂ ಮೆಕ್ಸಿಕೋದ ಹಲಿಸ್ಕೋ ರಾಜ್ಯದಲ್ಲಿ ಮತ್ತು ಅದರ ಜೊತೆಗೆ ಗುರುತಿಸಿದ ಕೆಲವೇ ಪ್ರದೇಶಗಳಲ್ಲಿ ತಯಾರಾಗಿರಬೇಕು. ಗಿಡ ಬಲಿಯಲು ಆರೇಳು ವರ್ಷ ಬೇಕು. ಬಲಿತ ಮೇಲೆ ಎಲೆಗಳನ್ನೆಲ್ಲ ಸವರಿ, ದೊಡ್ಡ ಅನಾನಸಿನಂತೆ ಕಾಣುವ ಬುಡದ ಗೆಡ್ಡೆಯನ್ನು ಬೇಯಿಸಿ, ಹಿಂಡಿ, ಹುಳಿಯಿಸಿ ಭಟ್ಟಿ ಇಳಿಸುತ್ತಾರೆ. ನೂರು ಶೇಕಡಾ ಎಂಬ ಮಾತಿಲ್ಲದ ಬಾಟಲಿಯಲ್ಲಿ ಅಗಾವೆಯ ಸಕ್ಕರೆ 51 ಶೇಕಡಾ ಇದ್ದರೂ ಸಾಕು, ಉಳಿದದ್ದು ಕಬ್ಬಿನದೋ ಜೋಳದ್ದೋ ಆಗಿರಬಹುದು. ಇದನ್ನೆಲ್ಲ ಚಿಕ್ಕಪ್ಪನಿಗೆ ವಿವರಿಸಿದಾಗ ಅವರು, "ಹಂಗಾದ್ರೆ ಇದು ಬೇಲಿ ಸಾರಾಯಿ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ನಾನು ಮಾಡಬೇಕೆಂದುಕೊಂಡಿದ್ದು ಪಲೋಮಾ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ ಪಾರಿವಾಳ ಎಂದರ್ಥ. ಟಕೀಲಾ, ತುಸು ನಿಂಬೆರಸ, ಚಿಟಿಕೆ ಉಪ್ಪು, ಮೇಲೆ ಗ್ರೇಪ್‌ಫ್ರೂಟ್ ಸೋಡಾ, ಇಷ್ಟೇ ಅದರ ಸಾಮಗ್ರಿ. ಗ್ರೇಪ್‌ಫ್ರೂಟ್ ನಮ್ಮ ಪೇಟೆಯಲ್ಲಿ ಎಲ್ಲಿ ಸಿಗಬೇಕು? ಆದರೆ ಆ ಹಣ್ಣು ಹುಟ್ಟಿದ್ದೇ 18ನೆಯ ಶತಮಾನದ ಬಾರ್ಬಡೋಸ್ ದ್ವೀಪದಲ್ಲಿ, ಚಕ್ಕೋತವೂ ಸಿಹಿ ಕಿತ್ತಳೆಯೂ ತಾವಾಗಿಯೇ ಬೆರೆತು. ಹಾಗಿದ್ದ ಮೇಲೆ ಮಗಳನ್ನು ಹುಡುಕುತ್ತ ಕೂರುವ ಬದಲು ಹಿತ್ತಲಿನಲ್ಲೇ ಇರುವ ತಾಯಿಯನ್ನು ಕರೆದರಾಯಿತಲ್ಲ ಎಂದುಕೊಂಡು, ಗಣಪತಿ ಹಬ್ಬದಲ್ಲಿ ಫಲಾವಳಿಗೆ ಕಟ್ಟಿ ಉಳಿದ ಕಾಲದಲ್ಲಿ ಯಾರೂ ಕೇಳದ ಆ ಮರದಿಂದ ಮೂರು ಚಕ್ಕೋತ ಕೊಯ್ದೆ. ನಿಂಬೆಯ ವಿಷಯದಲ್ಲಂತೂ ಬದಲಿಯ ಪ್ರಶ್ನೆಯೇ ಇರಲಿಲ್ಲ. ಮೆಕ್ಸಿಕೋದವರು ಹಿಂಡುವ ಸಣ್ಣ ನಿಂಬೆಯೂ ನಮ್ಮ ಉಪ್ಪಿನಕಾಯಿಯ ನಿಂಬೆಯೂ ಒಂದೇ ಜಾತಿಯವು. ಏಷ್ಯಾದಿಂದ ಹೊರಟ ಅದನ್ನು ಅಲ್ಲಿಗೆ ಮುಟ್ಟಿಸಿದವರು ಸ್ಪೇನಿನವರು.

ಮೊದಲ ಪ್ರಯತ್ನ ಕೆಟ್ಟಿತು. ಅವಸರದಲ್ಲಿ ಚಕ್ಕೋತದ ತೊಳೆಗಳನ್ನು ಬೀಜ, ಪೊರೆ ಸಮೇತ ಮಿಕ್ಸಿಗೆ ಹಾಕಿ ತಿರುಗಿಸಿದೆ. ಬಂದ ರಸ ನೋಡಲು ಚಂದವಾಗಿತ್ತು, ಬಾಯಿಗೆ ಇಟ್ಟರೆ ಕಿರಾತಕಡ್ಡಿ ಕಷಾಯ. ಚಕ್ಕೋತದ ಕಹಿಯೆಲ್ಲ ಇರುವುದು ಬಿಳಿಯ ತಿರುಳಿನಲ್ಲಿ, ಪೊರೆಯಲ್ಲಿ ಮತ್ತು ಬೀಜದಲ್ಲಿ. ನರಿಂಜಿನ್ ಎಂಬ ಪದಾರ್ಥ ಒಡನೆಯೇ ನಾಲಿಗೆಗೆ ತಾಗುತ್ತದೆ. ಲಿಮೋನಿನ್ ಎಂಬ ಇನ್ನೊಂದು, ಜಜ್ಜಿದ ರಸ ಹೊತ್ತು ಕಳೆದಂತೆ ಹುಳಿಯ ಸಂಗದಲ್ಲಿ ನಿಧಾನವಾಗಿ ಹುಟ್ಟಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಸರಿಹೋಗಿರಬಹುದೆಂದು ಮತ್ತೆ ರುಚಿ ನೋಡಿದವನಿಗೆ ಮೊದಲಿಗಿಂತ ಹೆಚ್ಚು ಕಹಿ ಸಿಕ್ಕಿದ್ದು ಅದರಿಂದಲೇ ಇರಬೇಕು. ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದೆ.

ಎರಡನೆಯ ಹಣ್ಣನ್ನು ಕೈಯಲ್ಲೇ ಬಿಡಿಸಿದೆ. ಹೆಬ್ಬೆರಳು ದಪ್ಪದ ಸಿಪ್ಪೆಯನ್ನು ನಾಲ್ಕು ಕಡೆ ಸೀಳಿ ಎಳೆದರೆ ಒಳಗೆ ಹತ್ತಿಯಂಥ ಬಿಳಿ ಪದರ; ಅದನ್ನು ಉಗುರಿನಿಂದ ಕೆರೆದು ತೆಗೆದ ಮೇಲೆ ತೊಳೆಗಳು; ಒಂದೊಂದು ತೊಳೆಯ ಬೆನ್ನನ್ನು ಚಾಕುವಿನಿಂದ ಗೀರಿ ಪೊರೆಯನ್ನು ಮಗುಚಿದರೆ, ನಸುಗೆಂಪಿನ ರಸದ ಎಸಳುಗಳು ಒಡೆಯದೆ ಮುತ್ತಿನಂತೆ ಉದುರುತ್ತವೆ. ಅಷ್ಟನ್ನೇ ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿದಾಗ ಸಿಕ್ಕಿದ್ದು ಎರಡು ಲೋಟ ರಸ, ಕಹಿ ಇನ್ನು ಪರಿಮಳದಷ್ಟು ಮಾತ್ರ. ಚಿಟಿಕೆ ಉಪ್ಪು ಬಿದ್ದೊಡನೆ ಅದೂ ಅಡಗಿತು. ಉಪ್ಪು ಕಹಿಯನ್ನು ಸಕ್ಕರೆಗಿಂತ ಚೆನ್ನಾಗಿ ಮುಚ್ಚುತ್ತದೆ ಎಂಬುದು ಹಾಗಲಕಾಯಿ ಪಲ್ಯ ಮಾಡುವವರಿಗೆ ಹೊಸ ಸಂಗತಿಯಲ್ಲ.

ಸಿಹಿಗೆ ಜೋನಿ ಬೆಲ್ಲವನ್ನು ಬಿಸಿನೀರಿನಲ್ಲಿ ತೆಳ್ಳಗೆ ಮಾಡಿಕೊಂಡೆ. ಚಮಚ ತುಂಬ ಹಾಕಿದ ಮೊದಲ ಲೋಟ ಆಷಾಢದ ತುಂಗೆಯ ಬಣ್ಣಕ್ಕೆ ತಿರುಗಿ, ಆಲೆಮನೆಯ ವಾಸನೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಅರ್ಧ ಚಮಚಕ್ಕೆ ಇಳಿಸಿದಾಗ ಹದ ಬಂತು. ಕೊನೆಗೆ ನಿಂತ ಅಳತೆ ಇದು: 50 ಮಿಲಿಲೀಟರ್ ಟಕೀಲಾ, 60 ಚಕ್ಕೋತದ ರಸ, 10 ನಿಂಬೆರಸ, ಅರ್ಧ ಚಮಚ ಜೋನಿ ಬೆಲ್ಲ. ಇವಿಷ್ಟನ್ನೂ ಐಸಿನ ಜೊತೆ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ, ಗಾಜು ಕೈಗೆ ಕೊರೆಯುವಷ್ಟು ತಣ್ಣಗಾಗುವವರೆಗೆ ಕುಲುಕಿ, ಲೋಟಕ್ಕೆ ಸೋಸಿದ ಮೇಲೆಯೇ ಸೋಡಾ ಸುರಿಯಬೇಕು. ಲೋಟದ ಅಂಚಿನ ಅರ್ಧಕ್ಕೆ ಮಾತ್ರ, ಉಪ್ಪು, ನಿಂಬೆಸಿಪ್ಪೆಯ ತುರಿ, ಒಣಗಿಸಿ ಕುಟ್ಟಿದ ಸೂಜಿಮೆಣಸು ಇವುಗಳ ಪುಡಿ ಹಚ್ಚಿದೆ. ಪೂರ್ತಿ ಅಂಚಿಗೆ ಹಚ್ಚುವುದು ನನ್ನ ಲೆಕ್ಕದಲ್ಲಿ ದಬ್ಬಾಳಿಕೆ. ಕುಡಿಯುವವರಿಗೆ ಉಪ್ಪು ಬೇಡವೆನಿಸಿದರೆ ಲೋಟ ತಿರುಗಿಸಿಕೊಳ್ಳುವ ದಾರಿಯಾದರೂ ಇರಬೇಕು.

ಮೊದಲ ಲೋಟವನ್ನು ಮರ್ಯಾದೆಯಿಂದ ಚಿಕ್ಕಪ್ಪನ ಕಡೆ ಚಾಚಿದಾಗ, ಔಷಧಿ ಅಂಗಡಿ ನಡೆಸುವ ಅತ್ತಿಗೆ ಜಗುಲಿಯಿಂದಲೇ ಕೂಗಿದರು: "ಮಾವಯ್ಯ, ನಿಮಗೆ ಅದು ಬ್ಯಾಡ." ಟಕೀಲಾ ಬೇಡವೆನ್ನುತ್ತಿದ್ದಾರೆಂದು ನಾವೆಲ್ಲ ತಿಳಿದೆವು; ಅವರು ಮುಖ್ಯವಾಗಿ ತಡೆದದ್ದು ಚಕ್ಕೋತವನ್ನು. ಚಿಕ್ಕಪ್ಪ ರಕ್ತದೊತ್ತಡಕ್ಕೂ ಕೊಬ್ಬಿಗೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಗ್ರೇಪ್‌ಫ್ರೂಟಿನಲ್ಲೂ ಚಕ್ಕೋತದಲ್ಲೂ ಇರುವ ಫ್ಯುರಾನೊಕೂಮರಿನ್ ಎಂಬ ಪದಾರ್ಥಗಳು, ಇಂಥ ಕೆಲವು ಮಾತ್ರೆಗಳನ್ನು ಕರುಳಿನಲ್ಲೇ ಒಡೆದು ತಗ್ಗಿಸುವ ಕಿಣ್ವವನ್ನು ಕೆಡಿಸುತ್ತವೆ, ಹಾಗಾಗಿ ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತಕ್ಕೆ ಸೇರುವ ಪ್ರಮಾಣ ಹಲವು ಪಟ್ಟು ಏರಬಹುದು. ಕಿಣ್ವ ಮತ್ತೆ ಹುಟ್ಟಿಕೊಳ್ಳಲು ಒಂದೆರಡು ದಿನ ಬೇಕಾಗುವುದರಿಂದ, ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು ಎಂಬ ಉಪಾಯವೂ ನಡೆಯುವುದಿಲ್ಲ. ಇದು ಬೆಳಕಿಗೆ ಬಂದ ಬಗೆಯೇ ವಿಚಿತ್ರ. ಕೆನಡಾದ ಸಂಶೋಧಕರು ಮದ್ಯವೂ ಫೆಲೋಡಿಪಿನ್ ಎಂಬ ರಕ್ತದೊತ್ತಡದ ಔಷಧವೂ ಸೇರಿದರೆ ಏನಾಗುತ್ತದೆಂದು ಪರೀಕ್ಷಿಸುತ್ತ, ಮದ್ಯದ ರುಚಿ ಗೊತ್ತಾಗದಿರಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿ ಕೊಟ್ಟರು. ಔಷಧದ ಮಟ್ಟ ವಿಪರೀತ ಏರಿದ್ದಕ್ಕೆ ಕಾರಣ ಆ ರಸವೇ ಎಂಬುದು 1991ರಲ್ಲಿ ಪ್ರಕಟವಾಯಿತು. ಚಿಕ್ಕಪ್ಪನಿಗೆ ಮುರುಗಲು ಶರಬತ್ತು ಸಿಕ್ಕಿತು. ಅವರು ಅದನ್ನು ಕುಡಿದು ಮುಗಿಸುವವರೆಗೂ ನನ್ನ ಮುಖ ನೋಡಲಿಲ್ಲ.

ಉಳಿದ ನಾವು ಮೂವರು ಒಂದೊಂದೇ ಲೋಟ ಕುಡಿದೆವು. ಬಾಟಲಿ 40 ಶೇಕಡಾದ್ದು; ಲೋಟದಲ್ಲಿ ಸುಮಾರು 16 ಗ್ರಾಂ ಶುದ್ಧ ಆಲ್ಕೋಹಾಲ್ ಇದ್ದರೂ ಹುಳಿ, ತಂಪು, ಸೋಡಾ ಸೇರಿ ಅದನ್ನು ಪಾನಕವೆಂದೇ ನಂಬಿಸುತ್ತವೆ. ಮಧ್ಯಾಹ್ನದ ಕೋಳಿ ಸಾರು, ಕಡುಬಿನ ಮುಂಚೆ ಅದು ಬಹಳ ಹಿತವಾಗಿತ್ತು. ಸೂಜಿಮೆಣಸಿನ ಖಾರ ತುಟಿಗೆ ಮೊದಲು, ಚಕ್ಕೋತದ ಕಹಿ ಗಂಟಲಿಗೆ ಕೊನೆಗೆ. ನಡುವೆ ಮಣ್ಣಿನ ವಾಸನೆಯಂತೆ ಕತ್ತಾಳೆ.

ಇಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಸುಲಿಯುವವರು ಕೂತಿದ್ದರಿಂದ ನಾನು ನಿಂಬೆ ಹಿಂಡಿದ್ದು, ಸಿಪ್ಪೆ ತುರಿದದ್ದು ಎಲ್ಲವೂ ಅಂಗಳದ ಕಟ್ಟೆಯ ಮೇಲೆ, ಬಿಸಿಲಿನಲ್ಲಿ. ಕೈಯನ್ನು ಟವೆಲಿಗೆ ಒರೆಸಿಕೊಂಡು, ಹರವಿದ್ದ ಅಡಿಕೆಯನ್ನು ಒಂದು ಗಂಟೆ ಕೈಯಾಡಿಸಿದ್ದೆ. ಮಂಗಳವಾರ ಬೆಳಿಗ್ಗೆ ಶಿವಮೊಗ್ಗದ ಮನೆಯಲ್ಲಿ ಎದ್ದಾಗ ಬಲಗೈಯ ಬೆರಳ ಸಂದಿ, ಮಣಿಕಟ್ಟು ಕೆಂಪಗೆ ಉರಿಯುತ್ತಿದ್ದವು. ಸಂಜೆಗೆ ಎರಡು ಬೊಬ್ಬೆ. ನಿಂಬೆಯ ಸಿಪ್ಪೆಯಲ್ಲಿ ಅದೇ ಫ್ಯುರಾನೊಕೂಮರಿನ್ ರಸಕ್ಕಿಂತ ಬಹಳ ಹೆಚ್ಚಿರುತ್ತದೆ, ಚರ್ಮಕ್ಕೆ ಅಂಟಿದ್ದಾಗ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಸುಡುತ್ತದೆ, ಸುಟ್ಟದ್ದು ಒಂದೆರಡು ದಿನ ಬಿಟ್ಟೇ ಕಾಣಿಸಿಕೊಳ್ಳುತ್ತದೆ. ಬಿಸಿಲಿನಲ್ಲಿ ಕೂತು, ಟಕೀಲಾಕ್ಕೆ ನಿಂಬೆ ಹಿಂಡಿ ಮಾಡುವ ಮಾರ್ಗರಿಟಾ ಬೆರೆಸುವವರಿಗೆ ಇದು ಎಷ್ಟು ಸಾಮಾನ್ಯವೆಂದರೆ ಇಂಗ್ಲಿಷಿನಲ್ಲಿ ಆ ಪಾನೀಯದ ಹೆಸರನ್ನೇ ಈ ಸುಟ್ಟಗಾಯಕ್ಕೆ ಇಟ್ಟಿದ್ದಾರೆ. ಸಾಬೂನು ಹಚ್ಚಿ ತೊಳೆದು ನೆರಳಿಗೆ ಸರಿದಿದ್ದರೆ ಏನೂ ಆಗುತ್ತಿರಲಿಲ್ಲ.

ಬೊಬ್ಬೆ ಒಣಗಿ ಕಂದು ಕಲೆಯಾಯಿತು. ಮುಂದಿನ ವಾರ ಊರಿಗೆ ಹೋದಾಗ ಯಾರೂ ಅದನ್ನು ಕೇಳಲಿಲ್ಲ, ಏಕೆಂದರೆ ಸುಲಿತದ ದಿನಗಳಲ್ಲಿ ಅಡಿಕೆ ಚೊಗರು ಹತ್ತಿ ಮನೆಯವರೆಲ್ಲರ ಕೈಯೂ ಅದೇ ಬಣ್ಣಕ್ಕಿದ್ದವು. ಅಪರೂಪಕ್ಕೆ ನಾನೂ ಕೆಲಸಕ್ಕೆ ಕೈಹಾಕಿದ್ದೇನೆಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿಕೊಂಡರಂತೆ. ಅವರ ಕೈಗಳು ಸಂಕ್ರಾಂತಿ ಕಳೆದ ಮೇಲೆ ತಿಳಿಯಾದವು. ನನ್ನ ಮಣಿಕಟ್ಟಿನ ಕಲೆ ಶಿವರಾತ್ರಿಯವರೆಗೂ ಇತ್ತು.