ಭಾವನ ಜಿಮ್ನಿಗೆ ದೊಡ್ಡ ಟೈರು

ಶನಿವಾರ, 14 ಸೆಪ್ಟೆಂಬರ್ 2024

ಭಾವ ತಮ್ಮ ಮಾರುತಿ ಜಿಮ್ನಿ ಜೀಪಿಗೆ 235/75 ಆರ್15 ಟೈರ್ ಹಾಕಿಸ್ಕೊಂಡಿದಾರೆ, ಕಂಪನಿಯಿಂದ ಬಂದಿದ್ದು 195/80 ಆರ್15. ಗಾಡಿ ಸಖತ್ತಾಗಿ ಕಾಣ್ತಿದೆ, ಎರಡು ಮಾತಿಲ್ಲ. ಆದ್ರೆ ಬಂದಾಗಿಂದ ಒಂದೇ ರಾಗ, "ಐದನೇ ಗೇರಲ್ಲಿ ಎಳೀತಾನೇ ಇಲ್ಲ ಮಾರಾಯ, ಕ್ಲಚ್ ಏನಾದ್ರೂ ಹೋಯ್ತಾ ಅಂತ." ಕ್ಲಚ್ಚಿಗೆ ಏನಾಗಿಲ್ಲ ಭಾವ, ಗೇರ್‌ಬಾಕ್ಸ್ ಬಿಚ್ಚದೇನೇ ಗೇರಿಂಗ್ ಬದಲಾಯಿಸಿದೀರ ಅಂದೆ. ನಂಬ್ಲಿಲ್ಲ.

ಲೆಕ್ಕ ಹಾಕಿ ತೋರಿಸ್ದೆ. 195 ಅನ್ನೋದು ಅಗಲ, ಮಿಲಿಮೀಟರಲ್ಲಿ, ಅದರ ಶೇ. 80 ಸೈಡ್‌ವಾಲು ಅಂದ್ರೆ 156, ಮೇಲೆ ಕೆಳಗೆ ಎರಡೂ ಸೇರಿ 312, ಅದಕ್ಕೆ 15 ಇಂಚಿನ ರಿಮ್ಮು 381 ಕೂಡಿಸಿದ್ರೆ ಒಟ್ಟು ಎತ್ತರ 693. ಹೊಸದು 733.5. ಶೇ. 5.8 ಜಾಸ್ತಿ. ಚಕ್ರ ಒಂದು ಸುತ್ತಿಗೆ ಅಷ್ಟು ಹೆಚ್ಚು ದೂರ ಹೋಗುತ್ತೆ, ಸೈಕಲ್ ಪೆಡಲ್ ಹತ್ರ ಇರೋ ಹಲ್ಲಿನ ಚಕ್ರ ದೊಡ್ಡದು ಹಾಕಿದಂಗೆ, ದೂರ ಹೋಗುತ್ತೆ ಆದ್ರೆ ತುಳಿಯೋದು ಭಾರ. ಮ್ಯಾನ್ಯುಯಲ್ ಜಿಮ್ನಿಯ ಕ್ರೌನ್ ಪಿನಿಯನ್ ರೇಶಿಯೋ (ಚಕ್ರ ಒಂದು ಸುತ್ತು ಸುತ್ತೋಕೆ ಗೇರ್‌ಬಾಕ್ಸಿಂದ ಬರೋ ಶಾಫ್ಟ್ ಎಷ್ಟು ಸುತ್ತಬೇಕು ಅನ್ನೋದು) 4.09, ಈಗ ಅದು 3.86 ಇದ್ದಂಗೆ. ಐದನೇ ಗೇರಲ್ಲಿ 100ರ ಸ್ಪೀಡಿಗೆ ಸುಮಾರು 3130 ಇದ್ದ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ) 2960ಕ್ಕೆ ಇಳಿಯುತ್ತೆ.

"ಆರ್‌ಪಿಎಂ ಇಳಿದ್ರೆ ಒಳ್ಳೇದೇ ಅಲ್ವಾ, ಮೈಲೇಜ್ ಬರುತ್ತೆ" ಅಂದ್ರು. ಸಮತಟ್ಟು ರಸ್ತೇಲಿ ಸ್ವಲ್ಪ ಬರಬಹುದೇನೋ, ಆದ್ರೆ ಈ 1.5 ಲೀಟರ್ ಪೆಟ್ರೋಲ್ ಇಂಜಿನ್ನಿನ ಟಾರ್ಕೇ (ತಿರುಗಿಸೋ ಬಲ) 134 ಎನ್‌ಎಂ, ಅದೂ 4000 ಆರ್‌ಪಿಎಂಗೆ, ಮೂಡಿಗೆರೆ ಕಡೆ ಏರಲ್ಲಿ ಮೊದ್ಲು ಐದರಲ್ಲೇ ಹತ್ತುತಿದ್ದ ಜಾಗಕ್ಕೆ ಈಗ ನಾಲ್ಕು ಬೇಕು, ಮೇಲಿಂದ ಟೈರ್ ಭಾರ ಬೇರೆ, ಸಿಗೋ ಮೈಲೇಜ್ ಅಲ್ಲೇ ಹೋಯ್ತು. ಓಡೋಮೀಟರೂ ಕಮ್ಮಿ ಎಣಿಸುತ್ತೆ, ಅವರು ಮೈಲೇಜ್ 12.5 ಅಂತಿರೋದು ನಿಜಕ್ಕೆ 13.2. ಸ್ಪೀಡೋಮೀಟರ್ ಮಾತ್ರ ತಮಾಷೆ, ಕಂಪನಿಯವ್ರು ಹೇಗೂ ಸ್ವಲ್ಪ ಜಾಸ್ತಿ ತೋರಿಸೋ ಹಾಗೇ ಇಟ್ಟಿರ್ತಾರೆ, ಈಗ ಮೀಟರಲ್ಲಿ 80 ಇದ್ರೆ ಮೊಬೈಲ್ ಜಿಪಿಎಸ್‌ನಲ್ಲಿ 81.

ನಂಗೆ ಇದಕ್ಕಿಂತ ಚಿಂತೆ ಇರೋದು ಇಳಿಜಾರಿಂದು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಗಾಡಿ ಹಿಡಿಯೋದು ಇಂಜಿನ್ನೇ, ಎಳೆಯೋ ಶಕ್ತಿ ಎಷ್ಟು ಕಮ್ಮಿಯಾಯ್ತೋ ಹಿಡಿಯೋ ಶಕ್ತೀನೂ ಅಷ್ಟೇ ಕಮ್ಮಿ, ಬ್ರೇಕಿಗೂ ಅದೇ ಕಥೆ ಯಾಕಂದ್ರೆ ಡಿಸ್ಕ್ ಹಳೇದೇ, ಚಕ್ರ ದೊಡ್ಡದು. ಮೂರರಲ್ಲಿ ಇಳಿಯುತ್ತಿದ್ದ ಕಡೆ ಎರಡಕ್ಕೆ ಹಾಕಿ ಅಂದೆ. ತೋಟದ ಕೆಸರಲ್ಲೇನೂ ಯೋಚನೆ ಇಲ್ಲ, 4ಎಲ್ ಇದೆ (ನಾಲ್ಕೂ ಚಕ್ರಕ್ಕೆ ಎಳೆತ, ತೀರಾ ನಿಧಾನದ ಗೇರಿಂಗ್), ಮೊದಲನೇ ಗೇರಲ್ಲಿ ಒಟ್ಟು ರೇಶಿಯೋ 36 ಇದ್ದಿದ್ದು 34 ಆಗುತ್ತೆ ಅಷ್ಟೇ.

ಅಕ್ಕನ ಸ್ವಿಫ್ಟಿಗೂ ದೊಡ್ಡ ಅಲಾಯ್ ರಿಮ್ ಹಾಕ್ಸಿದ್ರೆ ಹಿಂಗೇ ಆಗುತ್ತಾ ಅಂತ ಮುಂದಿನ ಪ್ರಶ್ನೆ. ರಿಮ್ ದೊಡ್ಡದಾದ್ರೆ ಗೇರಿಂಗ್ ಬದಲಾಗಲ್ಲ, ಬದಲಾಗೋದು ಟೈರಿನ ಹೊರಗಿನ ಅಳತೆ ಬದಲಾದ್ರೆ. ಮಾರುತಿಯವ್ರೇ ಸ್ವಿಫ್ಟಿಗೆ 165/80 ಆರ್14, 185/65 ಆರ್15 ಎರಡೂ ಕೊಟ್ಟಿದಾರಲ್ಲ, ಎತ್ತರದಲ್ಲಿ 2 ಮಿ.ಮೀ. ವ್ಯತ್ಯಾಸಾನೂ ಇಲ್ಲ. ಜಿಮ್ನಿಗೂ 215/75 ಹಾಕ್ಸಿದ್ರೆ ಶೇ. 1.5ರಲ್ಲಿ ಮುಗೀತಿತ್ತು, ನಾನಾದ್ರೆ ಅದನ್ನೇ ಹಾಕಿಸ್ತಿದ್ದೆ.

ಹೊರಡುವಾಗ ಹಿಂದಿನ ಡೋರ್ ನೋಡ್ತೀನಿ, ಸ್ಟೆಪ್ನಿ ಹಳೇದೇ ನೇತಾಡ್ತಿದೆ. ನಾಲ್ಕೇ ತಗೊಂಡಿದಾರೆ! ಪಂಕ್ಚರ್ ಆಗಿ ಅದನ್ನ ಹಾಕಿ ನಾಲ್ಕೂ ಚಕ್ರ ಎಳೆಯೋ 4ಎಚ್‌ಗೆ ಎಳೆದ್ರೆ, ಸೆಂಟರ್ ಡಿಫರೆನ್ಶಿಯಲ್ (ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋದು) ಇಲ್ಲದ ಗಾಡಿ, ಡಾಂಬರ್ ಮೇಲೆ ಮುಂದಿಂದೂ ಹಿಂದಿಂದೂ ಒಂದನ್ನೊಂದು ಜಗ್ಗಾಡ್ತಾ, ಎರಡೂ ಕಡೆಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸಿಗೆ ಕುತ್ತು. ಭಾವ ಅಲ್ಲೇ ನಿಂತು ಟೈರ್ ಅಂಗಡಿಗೆ ಫೋನ್ ಹಾಕಿದ್ರು, ಐದನೇದಕ್ಕೆ ರೇಟ್ ಕೇಳೋಕೆ.